ಸ್ಲೀಪ್ ಸ್ಟಡಿಯಲ್ಲಿ ಚೆನ್ನಾಗಿ ನಿದ್ದೆ ಬರಲೇಬೇಕು ಅಂತೇನಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. ರಾತ್ರಿ ಜೋರು ಗೊರಕೆ. ನಡುನಡುವೆ ಗೊರಕೆ ನಿಂತು ಉಸಿರೇ ಇಲ್ಲವೇನೋ ಅನ್ನಿಸುತ್ತದೆ, ಆಮೇಲೆ ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತಾರೆ. ಬೆಳಗ್ಗೆ ತಲೆನೋವು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಬಿಪಿಗೆ ಮೂರು ಥರದ ಮಾತ್ರೆ ನುಂಗಿದರೂ ಹತೋಟಿಗೆ ಬರುತ್ತಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಸ್ಲೀಪ್ ಸ್ಟಡಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ. "ಮೈತುಂಬ ವೈರು ಹಾಕಿದರೆ ಯಾರಿಗೆ ನಿದ್ದೆ ಬರುತ್ತೆ, ದುಡ್ಡು ದಂಡ" ಅಂತ ಇವರ ವಾದ. ಹಿಂದಿನ ರಾತ್ರಿ ನಿದ್ದೆಗೆಟ್ಟು ಹೋದರೆ, ಇಲ್ಲ ನಿದ್ದೆ ಮಾತ್ರೆ ತಗೊಂಡು ಮಲಗಿದರೆ ಆಗುತ್ತಾ? ಮನೆಯಲ್ಲೇ ಮಾಡುವ ಪರೀಕ್ಷೆ ಸಾಲದಾ?

ಉತ್ತರ: ಎರಡೂ ಬೇಡ. ನಿದ್ದೆಗೆಡುವುದೂ ಬೇಡ, ಹೇಳದೆ ಕೇಳದೆ ಮಾತ್ರೆ ನುಂಗುವುದೂ ಬೇಡ. ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಕಾಯಿಲೆ (ಸ್ಲೀಪ್ ಅಪ್ನಿಯಾ) ಇದೆಯಾ ಅಂತ ತಿಳಿಯಲು ಅವರು ದಿನಾ ರಾತ್ರಿ ಹೇಗೆ ಉಸಿರಾಡುತ್ತಾರೆ ಅನ್ನುವುದನ್ನು ನೋಡಬೇಕಿದೆ, ಅಷ್ಟೇ. ನಿದ್ದೆಗೆಟ್ಟು ಬಂದವರ ನಿದ್ದೆ ಅವರ ಮಾಮೂಲಿ ನಿದ್ದೆಯಂತಿರುವುದಿಲ್ಲ. ಕೆಲವು ನಿದ್ದೆ ಮಾತ್ರೆಗಳು ಮತ್ತು ಮದ್ಯ ಗಂಟಲಿನ ಸ್ನಾಯುಗಳನ್ನು ಸಡಿಲ ಮಾಡುತ್ತವೆ, ಉಸಿರು ಕಟ್ಟುವುದು ಇನ್ನೂ ಜಾಸ್ತಿಯಾಗುತ್ತದೆ. ದಿನಾ ತಗೊಳ್ಳುವ ಮಾತ್ರೆಗಳನ್ನು ಎಂದಿನಂತೆ ತಗೊಳ್ಳಲಿ, ಯಾವುದನ್ನಾದರೂ ನಿಲ್ಲಿಸಬೇಕಿದ್ದರೆ ಡಾಕ್ಟರೇ ಹೇಳುತ್ತಾರೆ. ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಮುಚ್ಚಿಡದೆ ಹೇಳಲಿ, ಆ ದಿನ ಮಾತ್ರ ಕುಡಿಯುವುದು ಬೇಡ.

ಆ ದಿನ ಮಧ್ಯಾಹ್ನದ ನಿದ್ದೆ ಬಿಡಬೇಕು, ಮಧ್ಯಾಹ್ನದ ಮೇಲೆ ಕಾಫಿ ಟೀ ಬೇಡ. ತಲೆಗೆ ಸ್ನಾನ ಮಾಡಿ ಎಣ್ಣೆ, ಜೆಲ್ ಏನೂ ಹಚ್ಚದೆ ಹೋಗಬೇಕು, ಎಣ್ಣೆ ಇದ್ದರೆ ತಲೆಯ ಮೇಲೆ ಏನೂ ಅಂಟುವುದಿಲ್ಲ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಒಳ್ಳೇದು. ತಲೆದಿಂಬು ತಮ್ಮದೇ ಬೇಕೆನಿಸಿದರೆ ಕೇಳಿ ತಗೊಂಡು ಹೋಗಲಿ, ಎಷ್ಟೋ ಕಡೆ ಬಿಡುತ್ತಾರೆ.

ಈಗ ವೈರುಗಳ ವಿಷಯ. ಅವರ ಹೆದರಿಕೆ ಸುಮ್ನೆ ಅಲ್ಲ, ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಮಲಗುವ ಮುಂಚೆ ಟೆಕ್ನಿಷಿಯನ್ ಟೇಪು ಹಿಡಿದು ತಲೆಯನ್ನು ಅಳೆಯುತ್ತಾರೆ, ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ, ಆ ಜಾಗವನ್ನು ಸ್ವಲ್ಪ ತರಿತರಿಯಾದ ಪೇಸ್ಟಿನಿಂದ ಉಜ್ಜಿ ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡುಗಳನ್ನು ಅಂಟಿಸುತ್ತಾರೆ. ತಲೆಯ ಮೇಲಿನವು ಮೆದುಳಿನ ಅಲೆಗಳಿಗೆ, ಕಣ್ಣಿನ ಪಕ್ಕದವು ಕಣ್ಣುಗುಡ್ಡೆಯ ಓಡಾಟಕ್ಕೆ, ಗಲ್ಲದ್ದು ಸ್ನಾಯುವಿನ ಬಿಗಿತಕ್ಕೆ. ಕಾಲಿಗೆ ಒಂದೊಂದು, ಎದೆಗೆ ಇಸಿಜಿ, ಮೂಗಿನ ಬಳಿ ಗಾಳಿ ಅಳೆಯುವ ಸಣ್ಣ ನಳಿಗೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ. ಯಾವುದರಲ್ಲೂ ಸೂಜಿ ಇಲ್ಲ, ಯಾವುದೂ ಶಾಕ್ ಹೊಡೆಯುವುದಿಲ್ಲ. ಅವೆಲ್ಲ ಮೈಯಿಂದ ಬರುವ ಸಂಕೇತಗಳನ್ನು ಬರೆದುಕೊಳ್ಳುತ್ತವೆ ಅಷ್ಟೇ. ಆಮೇಲೆ ಪಕ್ಕದ ರೂಮಿನಿಂದ ಸ್ಪೀಕರಿನಲ್ಲಿ ಒಂದೊಂದೇ ಹೇಳುತ್ತಾರೆ: ಮೇಲೆ ನೋಡಿ, ಕೆಳಗೆ ನೋಡಿ, ಕಣ್ಣು ಮಿಟುಕಿಸಿ, ಹಲ್ಲು ಕಚ್ಚಿ, ಪಾದ ಅಲ್ಲಾಡಿಸಿ, ಗೊರಕೆ ಹೊಡೆದಂತೆ ಸದ್ದು ಮಾಡಿ. ಎಲ್ಲ ವೈರೂ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಿಕೊಳ್ಳುವುದಕ್ಕೆ ಇದು. ರಾತ್ರಿ ಬಾತ್‌ರೂಮಿಗೆ ಹೋಗಬೇಕೆಂದರೆ ದನಿ ಮಾಡಿದರೆ ಸಾಕು, ಎಲ್ಲ ವೈರೂ ಸೇರುವ ಪೆಟ್ಟಿಗೆಯನ್ನು ಬಿಡಿಸಿ ಕೈಗೆ ಕೊಡುತ್ತಾರೆ, ಹಿಡಿದುಕೊಂಡು ಹೋಗಿಬರಬಹುದು. ಇದನ್ನು ಕೇಳುವುದಕ್ಕೆ ಸಂಕೋಚಪಟ್ಟು ರಾತ್ರಿಯೆಲ್ಲ ಒದ್ದಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ ಅಂತ ಅವರಿಗೆ ಹೇಳಿ.

ನಿದ್ದೆ ಮನೆಯಷ್ಟು ಚೆನ್ನಾಗಿ ಬರುವುದಿಲ್ಲ, ನಿಜ. ಮೊದಲ ರಾತ್ರಿ ಹೀಗಾಗುತ್ತದೆ ಎಂದು ರಿಪೋರ್ಟು ಓದುವವರಿಗೂ ಗೊತ್ತು. ಎಂಟು ಗಂಟೆ ಗಾಢ ನಿದ್ದೆ ಬೇಕಾಗಿಲ್ಲ. ನಡುನಡುವೆ ಎಚ್ಚರವಾಗುತ್ತಾ ಒಟ್ಟು ಕೆಲವು ಗಂಟೆ ನಿದ್ದೆ ಬಂದರೂ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಆದರೆ ಮೂರು ಗಂಟೆಗೆ ಎದ್ದು "ಸಾಕು, ಮನೆಗೆ ಹೋಗ್ತೀನಿ" ಅನ್ನುವುದು ಮಾತ್ರ ಬೇಡ. ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಜಾಸ್ತಿ, ಆಗ ಸ್ನಾಯುಗಳು ಪೂರ್ತಿ ಸಡಿಲವಾಗಿ ಎಷ್ಟೋ ಜನರಿಗೆ ಉಸಿರು ಕಟ್ಟುವುದು ಆಗಲೇ ಹೆಚ್ಚು. ಅದನ್ನು ಬಿಟ್ಟು ಬಂದರೆ ಮುಖ್ಯವಾದದ್ದನ್ನೇ ಬಿಟ್ಟಂತೆ.

ಮನೆಯಲ್ಲಿ ಮಾಡುವ ಪರೀಕ್ಷೆ ಕೆಟ್ಟದ್ದೇನಲ್ಲ. ಲಕ್ಷಣ ಇಷ್ಟು ಸ್ಪಷ್ಟವಾಗಿದ್ದು ಹೃದಯದ, ಶ್ವಾಸಕೋಶದ ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ, ಡಾಕ್ಟರನ್ನು ಕೇಳಿ ನೋಡಿ. ಅದರ ಒಂದು ಕೊರತೆ ಗೊತ್ತಿರಲಿ. ಅದರಲ್ಲಿ ಸಾಮಾನ್ಯವಾಗಿ ಮೆದುಳಿನ ಅಲೆ ನೋಡುವುದಿಲ್ಲ, ಹಾಗಾಗಿ ನೀವು ನಿದ್ದೆ ಮಾಡಿದ್ದೆಷ್ಟು, ಸುಮ್ನೆ ಕಣ್ಣು ಬಿಟ್ಟು ಬಿದ್ದುಕೊಂಡಿದ್ದೆಷ್ಟು ಅಂತ ಮಷೀನಿಗೆ ಸರಿಯಾಗಿ ತಿಳಿಯುವುದಿಲ್ಲ. ಒಂದು ರಾತ್ರಿಯಲ್ಲಿ 120 ಸಲ ಉಸಿರು ಕಟ್ಟಿತು ಅಂದುಕೊಳ್ಳಿ. ನಿದ್ದೆ ಮಾಡಿದ್ದು 4 ಗಂಟೆ ಆಗಿದ್ದರೆ ಗಂಟೆಗೆ 30. ಮಷೀನು ಹಾಕಿಕೊಂಡಿದ್ದ 8 ಗಂಟೆಯಿಂದ ಭಾಗಿಸಿದರೆ ಗಂಟೆಗೆ 15. ಅದೇ ಮನುಷ್ಯ, ಅದೇ ರಾತ್ರಿ, ಕಾಯಿಲೆ ಮಾತ್ರ ಅರ್ಧಕ್ಕೆ ಇಳಿದಂತೆ ಕಾಣುತ್ತದೆ! ಮನೆ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೂ ನೀವು ಬರೆದಿರುವ ಲಕ್ಷಣಗಳಿದ್ದರೆ ಅಲ್ಲಿಗೇ ಬಿಡಬಾರದು, ಆಸ್ಪತ್ರೆಯ ಪರೀಕ್ಷೆ ಆಗಲೇಬೇಕು.

ರಿಪೋರ್ಟು ಮರುದಿನವೇ ಕೈಗೆ ಸಿಗದಿದ್ದರೆ ಬೇಜಾರಾಗಬೇಡಿ. ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಓದುತ್ತಾರೆ, 8 ಗಂಟೆಗೆ ಅಂಥವು 960. ಗಾಳಿ 10 ಸೆಕೆಂಡಾದರೂ ನಿಂತಿರಬೇಕು, ಆಗಲೇ ಅದು ಲೆಕ್ಕಕ್ಕೆ ಬರುತ್ತದೆ. ಪೂರ್ತಿ ನಿಲ್ಲದೆ ಕಡಿಮೆಯಾಗಿ ಆಕ್ಸಿಜನ್ ಇಳಿದರೆ, ಇಲ್ಲ ನಿದ್ದೆ ಕದಡಿದರೆ ಅದನ್ನೂ ಸೇರಿಸುತ್ತಾರೆ. ಗಾಳಿ ನಿಂತಾಗ ಎದೆ ಹೊಟ್ಟೆಯ ಪಟ್ಟಿಗಳು ಇನ್ನೂ ಎಳೆಯುತ್ತಿದ್ದರೆ ಗಂಟಲು ಮುಚ್ಚಿಕೊಂಡಿದೆ ಎಂದರ್ಥ, ಪಟ್ಟಿಗಳೂ ಅಲ್ಲಾಡದಿದ್ದರೆ ಮೆದುಳಿನಿಂದಲೇ ಉಸಿರಾಡು ಎಂಬ ಸೂಚನೆ ಬಂದಿಲ್ಲ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ದೊಡ್ಡವರಲ್ಲಿ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಈ ಒಂದು ಅಂಕಿಯನ್ನೇ ಹಿಡಿದುಕೊಂಡು ಕೂರಬೇಡಿ. ಆಕ್ಸಿಜನ್ ಎಷ್ಟಕ್ಕೆ ಇಳಿಯಿತು, ಎಷ್ಟು ಹೊತ್ತು ಕೆಳಗಿತ್ತು, ಅಂಗಾತ ಮಲಗಿದಾಗ ಮಾತ್ರ ಹೀಗಾಗುತ್ತಾ, ಇದನ್ನೂ ಕೇಳಿ.

ಮೂರು ಮಾತ್ರೆಗೂ ಬಗ್ಗದ ಬಿಪಿ ಇದೆಯಲ್ಲ, ಅದಕ್ಕಾಗಿಯೇ ನಾನು ಇಷ್ಟು ಒತ್ತಾಯ ಮಾಡುತ್ತಿರುವುದು. ಉಸಿರು ಕಟ್ಟಿದಾಗಲೆಲ್ಲ ಮೈ ಗಾಬರಿಬಿದ್ದು ಎಚ್ಚರಗೊಳ್ಳುತ್ತದೆ, ಆಗೆಲ್ಲ ಬಿಪಿ ಏರುತ್ತದೆ, ರಾತ್ರಿಯೆಲ್ಲ ಇದೇ ನಡೆದರೆ ಹಗಲೂ ಇಳಿಯುವುದಿಲ್ಲ. ಕಾಯಿಲೆ ಇದೆ ಅಂತಾದರೆ ಸಿ-ಪ್ಯಾಪ್ ಮಷೀನು ಕೊಡಬಹುದು. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯ ಅದು: ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುವುದು. ಕಾಯಿಲೆ ಜೋರಿದೆ ಅಂತ ಮೊದಲರ್ಧ ರಾತ್ರಿಯಲ್ಲೇ ಗೊತ್ತಾದರೆ ಉಳಿದರ್ಧಕ್ಕೆ ಮಾಸ್ಕ್ ಹಾಕಿ ಎಷ್ಟು ಒತ್ತಡ ಬೇಕು ಅಂತ ನೋಡುವುದೂ ಉಂಟು. ನಡುರಾತ್ರಿ ಎಬ್ಬಿಸಿ ಮಾಸ್ಕ್ ಹಾಕಿದರೆ ಹೆದರಬಾರದು ಅಂತ ಮೊದಲೇ ಹೇಳಿರಿ.

ನಿಮ್ಮ ಕೈಲಾಗುವ ಕೆಲಸ ಒಂದಿದೆ. ಉಸಿರು ನಿಂತು ಮತ್ತೆ ಎಳೆದುಕೊಳ್ಳುವುದನ್ನು ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೋ ಮಾಡಿಕೊಂಡು ಡಾಕ್ಟರಿಗೆ ತೋರಿಸಿ, ನೀವೂ ಜೊತೆಗೆ ಹೋಗಿ. ಮಲಗಿದವರಿಗೆ ತಮ್ಮ ಉಸಿರು ನಿಂತದ್ದು ಗೊತ್ತಾಗುವುದೇ ಇಲ್ಲ, ಅಲ್ವಾ? ಇನ್ನೊಂದು, ಗಾಡಿ ಓಡಿಸುವಾಗ ಅವರಿಗೆ ತೂಕಡಿಕೆ ಬರುತ್ತದೆ ಅಂದರೆ ಚಿಕಿತ್ಸೆ ಸರಿಹೋಗುವವರೆಗೆ ಓಡಿಸುವುದೇ ಬೇಡ. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮುಂದಿನ ವಾರ ನನಗೆ ಮಂಪರು ಕೊಟ್ಟು ಎಂಡೋಸ್ಕೋಪಿ ಮಾಡುತ್ತಾರೆ. ಖಾಲಿ ಹೊಟ್ಟೆ ಅಂದರೆ ಒಂದು ಲೋಟ ಹಾಲೂ ಕುಡಿಯಬಾರದಾ? ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೇನೆ. ರಾತ್ರಿ ಸಿ-ಪ್ಯಾಪ್ ಕೂಡ ಹಾಕುತ್ತೇನೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ತಾನೇ?

ಉತ್ತರ: ಸಂಬಂಧ ಖಂಡಿತ ಇದೆ. ಮಂಪರಿನಲ್ಲಿ ನಿಮ್ಮ ಗಂಟಲು ನಿದ್ದೆಯಲ್ಲಿ ಮುಚ್ಚಿದ ಹಾಗೇ ಮುಚ್ಚಬಹುದು. ಆದ್ದರಿಂದ ಅರಿವಳಿಕೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದೇ ಇದು, ಫಾರಂನಲ್ಲಿ ಕೇಳದಿದ್ದರೂ ಬಾಯಿಬಿಟ್ಟು ಹೇಳಿ, ಮಷೀನನ್ನೂ ತಗೊಂಡು ಹೋಗಿ.

ಹಾಲು ಬೇಡ, ಹೊಟ್ಟೆಯ ಮಟ್ಟಿಗೆ ಅದು ಊಟದ ಲೆಕ್ಕವೇ. ಸಾಮಾನ್ಯ ನಿಯಮ ಹೀಗಿದೆ: ಹಗುರ ಆಹಾರ ಮತ್ತು ಹಾಲು ಮಂಪರು ಕೊಡುವ 6 ಗಂಟೆ ಮುಂಚೆ ನಿಲ್ಲಬೇಕು, ಜಿಡ್ಡಿನ ಊಟಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕು, ಬರೀ ನೀರು 2 ಗಂಟೆ ಮುಂಚಿನವರೆಗೆ ನಡೆಯುತ್ತದೆ. ನಿಮ್ಮ ಆಸ್ಪತ್ರೆಯವರು ಇದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಮಂಪರಿನಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಕುಗ್ಗಿರುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮರೆತು ಏನಾದರೂ ತಿಂದುಬಿಟ್ಟಿದ್ದರೆ ನಾಚಿಕೆಪಡದೆ ಹೇಳಿ, ಹೆಚ್ಚೆಂದರೆ ದಿನ ಮುಂದೆ ಹೋಗುತ್ತದೆ.

ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸುಮ್ನೆ ಒಳಗೆ ನೋಡುವುದಾದರೆ ಎಷ್ಟೋ ಸಲ ನಿಲ್ಲಿಸಬೇಕಾಗುವುದೇ ಇಲ್ಲ, ಗಂಟು ತೆಗೆಯುವಂಥ ಕೆಲಸ ಇದ್ದರೆ ಬೇರೆ ಮಾತು. ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ಬಿಟ್ಟರೆ ಅದರಲ್ಲಿ ರಕ್ತ ಹೆಪ್ಪುಗಟ್ಟಬಹುದು. ಎಂಡೋಸ್ಕೋಪಿ ಮಾಡುವವರನ್ನೂ ಆ ಮಾತ್ರೆ ಬರೆದುಕೊಟ್ಟವರನ್ನೂ ಇಬ್ಬರನ್ನೂ ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೂ ಹಾಗೆಯೇ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ ತಿಳಿಸಿ. ವಾಪಸು ಬರುವಾಗ ಜೊತೆಗೊಬ್ಬರು ಇರಲೇಬೇಕು, ಮರುದಿನದವರೆಗೆ ಗಾಡಿ ಓಡಿಸುವುದು, ಕಾಗದಕ್ಕೆ ಸಹಿ ಹಾಕುವುದು ಬೇಡ. ಗಂಟಲಿಗೆ ಸ್ಪ್ರೇ ಹೊಡೆದಿದ್ದರೆ ಮರಗಟ್ಟಿದ್ದು ಬಿಡುವವರೆಗೆ ನೀರೂ ಕುಡಿಯಬೇಡಿ.

ಪ್ರಶ್ನೆ: ಎದೆ ಡವಡವ ಅನ್ನುತ್ತೆ ಅಂತ 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕುತ್ತಿದ್ದಾರೆ. ಆ ದಿನ ರಜೆ ಹಾಕಿ ವಿಶ್ರಾಂತಿ ತಗೊಂಡರೆ ರಿಪೋರ್ಟು ಚೆನ್ನಾಗಿ ಬರುತ್ತಾ?

ಉತ್ತರ: ಚೆನ್ನಾಗಿ ಬಂದರೆ ನಿಮಗೇನು ಲಾಭ? ಡವಡವ ಯಾಕೆ ಅಂತ ತಿಳಿಯಬೇಕಲ್ಲ! ಕೆಲಸಕ್ಕೆ ಹೋಗಿ, ಮೆಟ್ಟಿಲು ಹತ್ತಿ, ದಿನಾ ಮಾಡುವುದನ್ನೆಲ್ಲ ಮಾಡಿ. ಈ ಯಂತ್ರ ಹುಟ್ಟಿದ್ದೇ ಅದಕ್ಕೆ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ್ದ ಮೊದಲ ಯಂತ್ರ ಸುಮಾರು 38 ಕಿಲೋ ಭಾರ ಇತ್ತು, ಅದನ್ನು ಬೆನ್ನಿಗೆ ಹೊತ್ತು ಓಡಾಡಬೇಕಿತ್ತು. ಈಗಿನದ್ದು ಅಂಗಿಯ ಒಳಗೇ ಅಡಗುತ್ತದೆ. ಒದ್ದೆ ಮಾಡಬೇಡಿ, ಸ್ನಾನ ಮೊದಲೇ ಮುಗಿಸಿಕೊಳ್ಳಿ. ಎದೆಗೆ ಕ್ರೀಮು ಪೌಡರು ಹಚ್ಚಬೇಡಿ.

ಡವಡವ ಬಂದಾಗ ಗುಂಡಿ ಇದ್ದರೆ ಒತ್ತಿ, ಗಂಟೆ ನೋಡಿ ಚೀಟಿಯಲ್ಲಿ ಬರೆದಿಡಿ: "4:10, ಮೆಟ್ಟಿಲು ಹತ್ತುವಾಗ, ತಲೆ ಸುತ್ತಿತು" ಇಷ್ಟು ಸಾಕು. ಈ ಚೀಟಿ ಇಲ್ಲದಿದ್ದರೆ ರಿಪೋರ್ಟಿನಲ್ಲಿ ಕಂಡ ಏರುಪೇರಿಗೂ ನಿಮಗಾದ ತೊಂದರೆಗೂ ತಾಳೆ ಹಾಕುವುದು ಕಷ್ಟ. ನಿಮಗೆ ತಿಂಗಳಿಗೊಮ್ಮೆ ಮಾತ್ರ ಹೀಗಾಗುತ್ತದೆ ಅಂದರೆ 24 ಗಂಟೆಯಲ್ಲಿ ಅದು ಸಿಗುವುದು ಅನುಮಾನ. ವಾರಗಟ್ಟಲೆ ಅಂಟಿಸಿಕೊಳ್ಳುವ ಪ್ಯಾಚ್ ಬರುತ್ತದೆ, ಅದರ ಬಗ್ಗೆ ಈಗಲೇ ಡಾಕ್ಟರನ್ನು ಕೇಳಿ. ಡವಡವದ ಜೊತೆ ಎದೆನೋವು ಬಂದರೆ, ಇಲ್ಲ ಕಣ್ಣುಕತ್ತಲಿಟ್ಟು ಬಿದ್ದರೆ, ಹೋಲ್ಟರ್ ಹಾಕುವ ದಿನ ಬರಲಿ ಅಂತ ಕಾಯಬೇಡಿ, ಕೂಡಲೇ ಎಮರ್ಜೆನ್ಸಿಗೆ ಹೋಗಿ.