ಬಜೆಟ್ ಹಣ ಮತ್ತು ಮಕ್ಕಳ ಸಾವು

ಬಡ ದೇಶವೊಂದು ಆರೋಗ್ಯದ ಬಜೆಟ್ಟನ್ನು ದುಪ್ಪಟ್ಟು ಮಾಡಿದರೆ ಮಕ್ಕಳ ಸಾವು ಅಷ್ಟೇ ವೇಗದಲ್ಲಿ ಇಳಿಯಬೇಕಲ್ಲವೇ ಎಂದು ಕೇಳಿದ್ದೀರಿ. ಲೆಕ್ಕ ಅಷ್ಟು ನೇರವಾಗಿಲ್ಲ. ಮಂಜೂರಾದ ಹಣ ಬೇರೆ, ಔಷಧಿಯ ಕಪಾಟಿನವರೆಗೆ ಬಂದು ಮುಟ್ಟುವ ಹಣ ಬೇರೆ.

ಆಫ್ರಿಕಾದ ಚಾಡ್ ದೇಶದಲ್ಲಿ 2004ರಲ್ಲಿ ಹಣದ ಜಾಡು ಹಿಡಿದು ಹೋದವರಿಗೆ ಕಂಡದ್ದೇನು ಗೊತ್ತೇ? ಆರೋಗ್ಯ ಸಚಿವಾಲಯದ ಖರ್ಚಿನಲ್ಲಿ ಸಂಬಳದ ಬಾಬ್ತು ಬಿಟ್ಟು ಉಳಿದ ದೈನಂದಿನ ವೆಚ್ಚದ ಪೈಕಿ ಆರೋಗ್ಯ ಕೇಂದ್ರಗಳನ್ನು ತಲುಪಿದ್ದು ಶೇ. 1ಕ್ಕಿಂತಲೂ ಕಡಿಮೆ! ಇನ್ನು ಸಂಬಳಕ್ಕೆ ಹೋಗುವ ಹಣದ ಕಥೆ. ಬಾಂಗ್ಲಾದೇಶ, ಭಾರತ, ಇಂಡೋನೇಷ್ಯಾ, ಪೆರು, ಉಗಾಂಡಗಳಲ್ಲಿ ಮುನ್ಸೂಚನೆ ಕೊಡದೆ ಆರೋಗ್ಯ ಕೇಂದ್ರಗಳಿಗೆ ಹೋಗಿ ನೋಡಿದಾಗ ಸರಾಸರಿ ಶೇ. 35ರಷ್ಟು ಸಿಬ್ಬಂದಿ ಜಾಗದಲ್ಲಿರಲಿಲ್ಲ. ಭಾರತದಲ್ಲಿ ಅದು ಶೇ. 40. ಹಾಜರಿ ಪುಸ್ತಕದ ಮಾತು ಬಿಡಿ.

ಲಸಿಕೆಯನ್ನೇ ನೋಡಿ. ಸಾಮಾನ್ಯವಾಗಿ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಇಲ್ಲದಿದ್ದರೆ ಕೆಡುತ್ತದೆ. ಫ್ರಿಜ್ ಕೊಳ್ಳಲು ಹಣ ಬಂತು, ಉದ್ಘಾಟನೆಯೂ ಆಯಿತು. ಕೆಟ್ಟಾಗ ರಿಪೇರಿ ಮಾಡಿಸುವ ಅಧಿಕಾರ ಯಾರಿಗೆಂದು ಯಾರೂ ಬರೆದಿಡಲಿಲ್ಲ ಎಂದುಕೊಳ್ಳಿ. ಚುಚ್ಚುಮದ್ದು ಹಾಕಿದ ಲೆಕ್ಕ ಸರಿಯಾಗಿಯೇ ಇರುತ್ತದೆ, ಮಗುವಿಗೆ ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ.

ಹಾಗೆಂದು ‘ಮೊದಲು ಆಡಳಿತ ಸುಧಾರಿಸಲಿ, ಆಮೇಲೆ ಹಣ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಪ್ರಾಮಾಣಿಕ ನರ್ಸ್ ಬರಿಗೈಯಲ್ಲಿ ಹೆರಿಗೆಯ ರಕ್ತಸ್ರಾವ ನಿಲ್ಲಿಸಲಾರಳು. ಬಜೆಟ್ಟನ್ನೂ ಮಕ್ಕಳ ಸಾವನ್ನೂ ಹೋಲಿಸುವಾಗ ಮಂಜೂರಾದ ಮೊತ್ತದ ಪಕ್ಕದಲ್ಲಿ ಔಷಧಿ ಖಾಲಿಯಾಗಿದ್ದ ದಿನಗಳ ಸಂಖ್ಯೆಯನ್ನೂ ಇಟ್ಟು ನೋಡಿ. ಮಕ್ಕಳ ಉಳಿವಿಗೆ ಬೇಕಾದ ತಾಯಂದಿರ ಓದು, ಕುಡಿಯುವ ನೀರು ಇವನ್ನೂ ಬಿಡಬೇಡಿ.