ಸಸ್ಪೆಂಡ್ ಆದ ಯುಎಫ್‌ಸಿ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಂದ್ಯಗಳನ್ನು ನಡೆಸುವ ಅಮೆರಿಕದ ಕಂಪನಿ) ಫೈಟರ್‌ಗೂ ಡೋಪ್ ಟೆಸ್ಟ್ ಇರುತ್ತಾ? ಇಲ್ಲದಿದ್ದರೆ ಆ ಸಮಯದಲ್ಲಿ ಏನು ಬೇಕಾದರೂ ತೆಗೆದುಕೊಳ್ಳಬಹುದಲ್ವಾ?

ಇರುತ್ತೆ. ಟೆಸ್ಟಿಂಗ್ ಪೂಲ್‌ನಲ್ಲಿ, ಅಂದರೆ ಯಾವಾಗ ಬೇಕಾದರೂ ಟೆಸ್ಟ್ ಮಾಡಬಹುದಾದವರ ಪಟ್ಟಿಯಲ್ಲಿ, ಹೆಸರು ಇರುವವರೆಗೆ, ಸಸ್ಪೆಂಡ್ ಆಗಿದ್ದರೂ ಮನೆಗೇ ಬಂದು ಸ್ಯಾಂಪಲ್ ಕೇಳಬಹುದು. ಯುಎಫ್‌ಸಿಯ ದೊಡ್ಡ ಹೆಸರು ಜಾನ್ ಜೋನ್ಸ್ 2018ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸಸ್ಪೆನ್ಷನ್‌ನಲ್ಲೇ ಇದ್ದರು. ಆಗ ಕೊಟ್ಟ ಸ್ಯಾಂಪಲ್‌ಗಳಲ್ಲೂ ಟುರಿನಬಾಲ್ ಎಂಬ ಸ್ಟೆರಾಯ್ಡ್‌ನ ತೀರಾ ಸಣ್ಣ ಅಂಶ ಸಿಕ್ಕಿತ್ತು. ಅದು ಹಿಂದಿನದರ ಉಳಿಕೆ, ಹೊಸದಾಗಿ ತೆಗೆದುಕೊಂಡಿದ್ದಲ್ಲ ಎಂದು ಆಗ ಟೆಸ್ಟ್ ನಡೆಸುತ್ತಿದ್ದ ಅಮೆರಿಕದ ಡೋಪಿಂಗ್ ವಿರೋಧಿ ಸಂಸ್ಥೆ ಯುಸಾಡಾ ಹೇಳಿತು.

ಹಾಗಾಗಿ ನೀವು ಅನುಮಾನಪಟ್ಟ ಜಾಗದಲ್ಲಿ ಅಂಥ ತೂತಿಲ್ಲ. ತೂತು ಇರುವುದು ಪೂಲ್‌ನಿಂದ ಹೊರಗೆ ಹೋಗುವ, ಮತ್ತೆ ಒಳಗೆ ಬರುವ ಬಾಗಿಲಲ್ಲಿ.

ಯುಎಫ್‌ಸಿಯ ಹಳೆ ಚಾಂಪಿಯನ್ ಬ್ರಾಕ್ ಲೆಸ್ನರ್ ಕಥೆ ನೋಡಿ. ವಾಪಸ್ ಬರುವ ಫೈಟರ್ ನಾಲ್ಕು ತಿಂಗಳು ಟೆಸ್ಟಿಂಗ್‌ನಲ್ಲಿದ್ದು ಆಮೇಲೆ ರಿಂಗಿಗೆ ಇಳಿಯಬೇಕು ಅಂತ ನಿಯಮವಿತ್ತು. ಆದರೆ ವಿನಾಯಿತಿ ಕೊಡುವ ಅಧಿಕಾರ ಯುಎಫ್‌ಸಿ ಕೈಯಲ್ಲೇ ಇತ್ತು. ಟಿಕೆಟ್ ಮಾರುವವರೇ ವಿನಾಯಿತಿಯನ್ನೂ ಕೊಡುವುದು! ಈ ಟೆಸ್ಟಿಂಗ್ ಶುರುವಾಗಿದ್ದು 2015ರ ಜುಲೈನಲ್ಲಿ, ಲೆಸ್ನರ್ ಅದಕ್ಕೂ ಮೊದಲೇ ಬಿಟ್ಟುಹೋದವರು ಎಂಬ ಕಾರಣ ಕೊಟ್ಟು 2016ರ ಜುಲೈ 9ರ ಯುಎಫ್‌ಸಿ 200 ಎಂಬ ಪಂದ್ಯಕೂಟಕ್ಕೆ ಅವರನ್ನು ಬಿಟ್ಟುಕೊಂಡರು. ಜೂನ್ 28ರಂದು ತೆಗೆದ ಸ್ಯಾಂಪಲ್‌ನಲ್ಲಿ ಕ್ಲೊಮಿಫೀನ್ ಇತ್ತು. ಸ್ಟೆರಾಯ್ಡ್ ನಿಲ್ಲಿಸಿದ ಮೇಲೆ ದೇಹದ ಸ್ವಂತ ಟೆಸ್ಟೊಸ್ಟಿರಾನ್ ಮತ್ತೆ ಶುರುವಾಗಲಿ ಅಂತ ಕೆಲವರು ಬಳಸುವ ಮಾತ್ರೆ ಅದು. ರಿಪೋರ್ಟ್ ಬಂದಿದ್ದು ಮಾತ್ರ ಫೈಟ್ ಮುಗಿದ ಮೇಲೆ. ಗೆಲುವು ರದ್ದಾಯಿತು, ಒಂದು ವರ್ಷ ನಿಷೇಧವಾಯಿತು, 2.5 ಲಕ್ಷ ಡಾಲರ್ ದಂಡ ಬಿತ್ತು. ಸಂಭಾವನೆ 25 ಲಕ್ಷ ಡಾಲರ್. ಒದೆ ತಿಂದ ಮಾರ್ಕ್ ಹಂಟ್ ಕೋರ್ಟಿಗೆ ಹೋದರು.

ಮುಂದಿನದು ಇನ್ನೂ ಚೆಂದ. ನಿಷೇಧ ಮುಗಿಯುವ ಮೊದಲೇ, 2017ರ ಫೆಬ್ರವರಿಯಲ್ಲಿ ಲೆಸ್ನರ್ ನಿವೃತ್ತಿ ಹೇಳಿದರು. ನಿವೃತ್ತರಾದರೆ ನಿಷೇಧದ ಗಡಿಯಾರ ನಿಲ್ಲುತ್ತೆ, ಟೆಸ್ಟೂ ನಿಲ್ಲುತ್ತೆ. 2018ರ ಜುಲೈನಲ್ಲಿ ಮತ್ತೆ ಪೂಲ್‌ಗೆ ಬಂದಾಗ ನಿಷೇಧದ ಬಾಕಿ ತಿಂಗಳುಗಳು, ಅಷ್ಟರಲ್ಲಿ ಆರು ತಿಂಗಳಿಗೆ ಏರಿದ್ದ ಟೆಸ್ಟಿಂಗ್ ಅವಧಿ, ಎರಡೂ ಜೊತೆಜೊತೆಗೇ ಓಡಿದವು. ನಡುವಿನ ಒಂದೂವರೆ ವರ್ಷ ಯುಸಾಡಾ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಆಗ ಅವರು ಏನಾದರೂ ತೆಗೆದುಕೊಂಡರು ಅಂತ ನಾನು ಹೇಳುತ್ತಿಲ್ಲ. ತೆಗೆದುಕೊಂಡಿದ್ದರೆ ಹಿಡಿಯುವವರು ಯುಸಾಡಾದಲ್ಲಂತೂ ಇರಲಿಲ್ಲ, ಅಷ್ಟೇ.

ಆರು ತಿಂಗಳು ಕಾದರೆ ಮದ್ದಿನ ಪರಿಣಾಮ ಇಳಿಯಲ್ವಾ ಅಂತ ಕೇಳಬಹುದು. ಓಸ್ಲೋ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಲಿಗಳಿಗೆ ಟೆಸ್ಟೊಸ್ಟಿರಾನ್ ಕೊಟ್ಟು, ನಿಲ್ಲಿಸಿ, ಮೂರು ತಿಂಗಳು ಬಿಟ್ಟು ಸ್ನಾಯುಗಳಿಗೆ ಭಾರದ ಕೆಲಸ ಕೊಟ್ಟರು. ಆರೇ ದಿನದಲ್ಲಿ ಸ್ನಾಯು ಶೇ 30ರಷ್ಟು ದಪ್ಪವಾಯಿತು. ಮದ್ದು ಕಾಣದ ಇಲಿಗಳಲ್ಲಿ ಹೇಳಿಕೊಳ್ಳುವಂಥ ಬೆಳವಣಿಗೆ ಆಗಲಿಲ್ಲ. ಮನುಷ್ಯರಲ್ಲೂ ಇಷ್ಟೇ ಆಗುತ್ತೆ ಅಂತ ಇದರಿಂದ ಹೇಳಲಾಗದು. ಆದರೂ ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ ಅಂತ ನಂಬುವುದು ನನಗೆ ಕಷ್ಟ.

ನಿಷೇಧವನ್ನು ಯಾವತ್ತಿನಿಂದ ಎಣಿಸುತ್ತಾರೆ ಅನ್ನುವುದು ಇನ್ನೊಂದು ಸಂದು. 2024ರಲ್ಲಿ ಟೆಸ್ಟ್ ಮಾಡುವವರು ಬಂದಾಗ ಯುಎಫ್‌ಸಿ ತಾರೆ ಕಾನರ್ ಮೆಕ್‌ಗ್ರೆಗರ್ ಮೂರು ಸಲ ಸಿಗಲಿಲ್ಲ. 18 ತಿಂಗಳ ನಿಷೇಧ ಪ್ರಕಟವಾಗಿದ್ದು 2025ರ ಅಕ್ಟೋಬರ್‌ನಲ್ಲಿ, ಎಣಿಕೆ ಮಾತ್ರ 2024ರ ಸೆಪ್ಟೆಂಬರ್‌ನಿಂದ. ಊರಿಗೆಲ್ಲ ಗೊತ್ತಾಗುವ ಹೊತ್ತಿಗೆ ಶಿಕ್ಷೆಯ ಮುಕ್ಕಾಲು ಪಾಲು ಹತ್ತಿರ ಹತ್ತಿರ ಮುಗಿದಿತ್ತು. ಅವರು 2021ರ ಜುಲೈಯಿಂದ ಫೈಟ್ ಮಾಡಿರಲೇ ಇಲ್ಲ ಬಿಡಿ.

ಬಾಕ್ಸಿಂಗ್‌ನವರು ಚಾಪೆ ಕೆಳಗಲ್ಲ, ರಂಗೋಲಿ ಕೆಳಗೇ ತೂರುತ್ತಾರೆ. ಬಾಕ್ಸರ್ ರಯಾನ್ ಗಾರ್ಸಿಯಾ 2024ರ ಏಪ್ರಿಲ್‌ನಲ್ಲಿ ಡೆವಿನ್ ಹೇನಿ ವಿರುದ್ಧದ ಫೈಟ್‌ಗೆ ಸಂಬಂಧಿಸಿದ ಟೆಸ್ಟ್‌ನಲ್ಲಿ ಆಸ್ಟರೀನ್ ಎಂಬ, ಸ್ನಾಯು ಬೆಳೆಸುವ ನಿಷೇಧಿತ ಮದ್ದಿಗೆ ಸಿಕ್ಕಿಬಿದ್ದರು. ಅಲ್ಲಿ ಬಾಕ್ಸಿಂಗ್ ನಿಯಂತ್ರಿಸುವ ನ್ಯೂಯಾರ್ಕ್ ಕಮಿಷನ್ ಒಂದು ವರ್ಷ ನಿಷೇಧ ಹಾಕಿತು. ಆ ವರ್ಷ ಮುಗಿಯುವ ಮೊದಲೇ, ಡಿಸೆಂಬರ್‌ಗೆ ಜಪಾನ್‌ನಲ್ಲಿ ಅವರ ಫೈಟ್ ಗೊತ್ತಾಯಿತು. ಕಮಿಷನ್ ಅಮೆರಿಕದ್ದು, ಫೈಟ್ ಜಪಾನ್‌ನಲ್ಲಿ, ಮೇಲಾಗಿ ಇದು ಬರೀ ಪ್ರದರ್ಶನ ಪಂದ್ಯ. ಕೊನೆಗೆ ಆ ಫೈಟ್ ನಡೆಯಲಿಲ್ಲ. ತಡೆದಿದ್ದು ನಿಷೇಧ ಅಲ್ಲ, ಪ್ರಾಕ್ಟೀಸ್‌ನಲ್ಲಿ ಕೈಗೆ ಆದ ಪೆಟ್ಟು.