ಮೊದಲ ಸಲ ಕೇಳಿದಾಗಲೇ ಒಪ್ಪಿಕೊಳ್ಳಿ

ಈ ಪರದೇಶದ ಬದುಕಿನ ಬಗ್ಗೆ ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ: ಮನೆ ಎಲ್ಲಿ ಹಿಡಿಯಬೇಕು, ಚಳಿ ತಡೆಯಲಾದೀತೇ, ಇಲ್ಲಿಯವರ ಸ್ನೇಹ ಬೆಳೆಸುವುದು ಹೇಗೆ, ಮತ್ತು ಗ್ರಂಥಾಲಯದ ಗೋಷ್ಠಿ ಸಂಜೆಗೆ ‘ನೀವೂ ಅಂತರ್ಜಲದ ಬಗ್ಗೆ ಒಂದು ತರಗತಿ ನಡೆಸಿಕೊಡಿ’ ಎಂದು ಕೇಳಿದ್ದಾರಲ್ಲ, ಅದಕ್ಕೆ ಏನು ಹೇಳಬೇಕು. ಮೊದಲೆರಡಕ್ಕೆ ಚುಟುಕಾಗಿ: ಮನೆ ಕೆಲಸದ ಜಾಗಕ್ಕೆ ಹತ್ತಿರವಿರಲಿ, ಬೂಟಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮೂರನೆಯದರ ಉತ್ತರ ನಾಲ್ಕನೆಯದರಲ್ಲೇ ಇದೆ.

ಒಪ್ಪಿಕೊಳ್ಳಿ. ಅದೂ ಮೊದಲ ಸಲ ಕೇಳಿದಾಗಲೇ. ನಮ್ಮವರ ರೀತಿ ನಿಮಗೆ ಗೊತ್ತೇ ಇದೆ: ‘ಅಯ್ಯೋ, ನನಗೇನು ಮಹಾ ಗೊತ್ತು’ ಅನ್ನುತ್ತೇವೆ, ಅವರು ಬಲವಂತ ಮಾಡುತ್ತಾರೆ, ಮೂರನೇ ಸಲಕ್ಕೆ ಹೂಂ ಅನ್ನುತ್ತೇವೆ. ಇಲ್ಲಿ ಎರಡನೇ ಸಲ ಯಾರೂ ಕೇಳುವುದಿಲ್ಲ. ಅದು ಒರಟುತನವಲ್ಲ; ಬೇಡ ಅಂದವರನ್ನು ಪೀಡಿಸಬಾರದು ಎಂಬುದೇ ಇವರ ಮರ್ಯಾದೆ. ಬಂದ ಹೊಸತರಲ್ಲಿ ವಿನಯಕ್ಕೆಂದು ಆಡಿದ ಅಂಥ ಒಂದೇ ಮಾತಿಗೆ ಗೋಷ್ಠಿ ನಡೆಸುವವರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಮತ್ತೆ ಸೇರುವ ಹೊತ್ತಿಗೆ ಕಳೆದ ವರ್ಷಗಳು ಈಗಲೂ ಚುಚ್ಚುತ್ತವೆ.

‘ನುರಿತವರ ನಡುವೆ ನಾನೇನು’ ಎಂಬ ಅಳುಕು ಬಿಡಿ. ಅಲ್ಲಿ ನಿವೃತ್ತ ವೈದ್ಯರೂ ಇರುತ್ತಾರೆ, ದೋಣಿ ಕಟ್ಟುವವರೂ ಇರುತ್ತಾರೆ. ಊರಿನವರೇ ಊರಿನವರಿಗೆ ಕಲಿಸುವುದು ಹಳೆಯ ಪದ್ಧತಿ. 1826ರಲ್ಲಿ ಅಮೆರಿಕದ ಮಿಲ್‌ಬರಿಯಲ್ಲಿ ಜೋಸೈಯಾ ಹಾಲ್‌ಬ್ರೂಕ್ ಶುರು ಮಾಡಿದ ಲೈಸಿಯಂ ಎಂಬ ಕಲಿಕೆಯ ಕೂಟ ಇದೇ ಜಾತಿಯದು. 1982ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ನಿವೃತ್ತರ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ದಲ್ಲೂ ಕಲಿಸುವವರು, ಕಲಿಯುವವರು ಎಲ್ಲ ಸದಸ್ಯರೇ, ಯಾರ ಪದವಿಯನ್ನೂ ಕೇಳುವುದಿಲ್ಲ, ಕೊಡುವುದೂ ಇಲ್ಲ.

ಶೀರ್ಷಿಕೆಯಿಂದ ಶುರು ಮಾಡಿ. ನೀವು ಬರೆದಿರುವ ‘ಅಂತರ್ಜಲ ನಿರ್ವಹಣೆಯ ಆಧುನಿಕ ಆಯಾಮಗಳು’ ಬೇಡ. ಒಂದೇ ಹೊತ್ತಿಗೆ ಎರಡು ಮೂರು ಕೋಣೆಗಳಲ್ಲಿ ಗೋಷ್ಠಿ ನಡೆಯುತ್ತವೆ, ಜನ ಶೀರ್ಷಿಕೆ ನೋಡಿಯೇ ಕೋಣೆ ಆರಿಸುತ್ತಾರೆ. ‘ಪಕ್ಕದವರ ಕೊಳವೆಬಾವಿ ನಿಮ್ಮ ಬಾವಿಯನ್ನು ಬತ್ತಿಸುವುದು ಹೇಗೆ’ ಅಂದರೆ ಕುರ್ಚಿ ತುಂಬುತ್ತದೆ. ನಿಮ್ಮ ಪರಿಚಯ ಎರಡು ಸಾಲು ಸಾಕು. ಬಿರುದು ಬಾವಲಿ ಓದಿದಷ್ಟೂ ನಿಮ್ಮ ಸಮಯವೇ ಹೋಗುತ್ತದೆ.

45 ನಿಮಿಷ ಕೊಟ್ಟರೆ 25 ಮಾತಿಗೆ, 15 ಪ್ರಶ್ನೆಗೆ, 5 ಕೈಯಲ್ಲಿ ಉಳಿದಿರಲಿ. ನಮ್ಮ ಉಚ್ಚಾರ ಅವರ ಕಿವಿಗೆ ಹೊಂದಲು ಮೊದಲ ಎರಡು ನಿಮಿಷ ಬೇಕಾಗುತ್ತದೆ, ಆದ್ದರಿಂದ ಮುಖ್ಯ ಮಾತನ್ನು ಮೊದಲ ವಾಕ್ಯದಲ್ಲೇ ಖರ್ಚು ಮಾಡಬೇಡಿ. ನಿಮಿಷಕ್ಕೆ 110 ಪದಕ್ಕಿಂತ ಹೆಚ್ಚು ವೇಗ ಬೇಡ. ಗಡಿಯಾರ ಇಟ್ಟುಕೊಂಡು, ನಿಂತು, ಗಟ್ಟಿಯಾಗಿ ಒಮ್ಮೆ ಪೂರ್ತಿ ಹೇಳಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯುವುದಿಲ್ಲ. ಸಮಯ ಮೀರಿದರೆ ಮುಂದಿನವರ ಪಾಲು ತಿಂದಂತೆ, ಅದನ್ನು ಇಲ್ಲಿ ಮರೆಯುವುದಿಲ್ಲ.

ತೋರಿಸಲು ಒಂದು ವಸ್ತು ಇರಲಿ. ನಿಮ್ಮ ವಿಷಯಕ್ಕೆ ಸುಲಭವಿದೆ: 2 ಲೀಟರಿನ ಪಾರದರ್ಶಕ ಬಾಟಲಿಯ ಕತ್ತು ಕತ್ತರಿಸಿ, ಕಡಲೆಕಾಳಿನ ಗಾತ್ರದ, ತೊಳೆದ ಕಲ್ಲು ತುಂಬಿ. ಬಣ್ಣ ಹಾಕಿದ ನೀರನ್ನು ಮುಕ್ಕಾಲು ಎತ್ತರದವರೆಗೆ ಸುರಿಯಿರಿ. ಬಾಟಲಿಯ ಗೋಡೆಗೆ ಒತ್ತಿಕೊಂಡಂತೆ ಎರಡು ಪಾರದರ್ಶಕ ನಳಿಗೆ ಇಳಿಸಿ, ಒಂದು ತಳದವರೆಗೆ (ಅದು ಕೊಳವೆಬಾವಿ), ಇನ್ನೊಂದು ಅರ್ಧಕ್ಕೆ (ಅದು ಬಾವಿ). ಆಳದ್ದಕ್ಕೆ ಸೋಪಿನ ಡಬ್ಬಿಯ ಪಂಪು ಸೇರಿಸಿ ಒತ್ತುತ್ತ ಹೋದರೆ ಗಿಡ್ಡ ನಳಿಗೆ ಮೊದಲು ಬತ್ತುತ್ತದೆ. ಅದನ್ನು ನೋಡಿದ ಮೇಲೆ ವಿವರಣೆಯೇ ಬೇಡ. ಕಲ್ಲಿನ ಬದಲು ನಯವಾದ ಮರಳು ಹಾಕಿದರೆ ಕೆಡುತ್ತದೆ: ಮರಳು ನೀರನ್ನು ಮೇಲಕ್ಕೆ ಹೀರಿ ಹಿಡಿದುಕೊಳ್ಳುತ್ತದೆ, ಮಟ್ಟ ಇಳಿಯುವುದು ಕಾಣಿಸುವುದಿಲ್ಲ, ಪಂಪೂ ಕಟ್ಟಿಕೊಳ್ಳುತ್ತದೆ. ನಳಿಗೆಯ ತುದಿಗೆ ತೆಳುಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಸ್ಲೈಡು 12 ದಾಟದಿರಲಿ, ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಕನ್ನಡ ಪದ ತೋರಿಸುವ ಆಸೆ ಇದ್ದೇ ಇರುತ್ತದೆ, ತೋರಿಸಿ. ಆದರೆ ಪಿಡಿಎಫ್ ಮಾಡಿ ಒಯ್ಯಿರಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಬರುತ್ತವೆ, ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರ. ಲ್ಯಾಪ್‌ಟಾಪನ್ನು ಪರದೆಗೆ ಜೋಡಿಸುವ ಎಚ್‌ಡಿಎಂಐ ಅಡಾಪ್ಟರ್ ನಿಮ್ಮದೇ ಇರಲಿ.

ಪ್ರಶ್ನೆ ಬಂದಾಗ ಉತ್ತರಕ್ಕೆ ಮೊದಲು ಅದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಹಿಂದಿನ ಸಾಲಿಗೂ ಕೇಳುತ್ತದೆ, ನಿಮಗೆ ಸರಿಯಾಗಿ ಅರ್ಥವಾಯಿತೇ ಎಂದೂ ತಿಳಿಯುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಯಾರೂ ಕೇಳದಿದ್ದರೆ ಗಾಬರಿಯಿಂದ ಮಾತು ಮುಂದುವರಿಸಬೇಡಿ, ಮನಸ್ಸಿನಲ್ಲಿ ಎಂಟರವರೆಗೆ ಎಣಿಸಿ. ಮುಗಿದ ಮೇಲೆ ಕುರ್ಚಿ ಎತ್ತಿಡಲು ನಿಲ್ಲಿ. ಸ್ನೇಹದ ಬಗ್ಗೆ ಕೇಳಿದ್ದಿರಲ್ಲ, ಅದು ಶುರುವಾಗುವುದು ವೇದಿಕೆಯ ಮೇಲಲ್ಲ, ಆ ಹತ್ತು ನಿಮಿಷದಲ್ಲಿ. ನಾಲ್ಕು ಜನ ನಮ್ಮವರು ಬಂದಿದ್ದರೆ ಸಂತೋಷವೇ, ಆದರೆ ಇಡೀ ಸಂಜೆ ಅವರ ಜೊತೆ ಮೂಲೆ ಸೇರಬೇಡಿ. ಕಷ್ಟ, ನನಗೆ ಗೊತ್ತು. ಕನ್ನಡ ಕಿವಿಗೆ ಬಿದ್ದರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ.

ಎರಡು ಎಚ್ಚರಿಕೆ. ಕೆಲಸದ ವೀಸಾ ಬಹಳ ಕಡೆ ಒಬ್ಬನೇ ಮಾಲೀಕನಿಗೆ ಕಟ್ಟಿದ್ದಾಗಿರುತ್ತದೆ, ಷರತ್ತು ಓದದೆ ಗೌರವಧನ ಮುಟ್ಟಬೇಡಿ. ಕಚೇರಿಯ ನಕ್ಷೆ, ಅಂಕಿಅಂಶ ಬಳಸುವುದಾದರೆ ಬರಹದಲ್ಲಿ ಅನುಮತಿ ಪಡೆಯಿರಿ.

ಉತ್ತರ ಇವತ್ತೇ ಕಳಿಸಿ. ಮೂರು ಸಾಲು ಸಾಕು: ಒಪ್ಪಿದ್ದೇನೆ, ಶೀರ್ಷಿಕೆ ಇದು, ನೀರಿನ ನಲ್ಲಿ ಹತ್ತಿರವಿರುವ ಕೋಣೆ ಕೊಡಿ.